ಗುಳಿಗೆ ಶಿಬಿರದ ದುಭಾಷಿ

ಪರದೇಶದ ಧರ್ಮಸಂಸ್ಥೆಯೊಂದು ವರ್ಷಕ್ಕೊಮ್ಮೆ ನಮ್ಮ ಶಾಲೆಯ ವರಾಂಡದಲ್ಲಿ ಬಿಳಿ ಸಿಹಿಗುಳಿಗೆಯ ಉಚಿತ ಶಿಬಿರ ನಡೆಸುತ್ತದೆ. ಅಲ್ಲಿ ಡಾಕ್ಟರಮ್ಮನಿಗೂ ರೋಗಿಗಳಿಗೂ ನಡುವೆ ಸ್ಟೂಲು ಹಾಕಿಕೊಂಡು ಕೂರುವ ದುಭಾಷಿ ನಮ್ಮ ನಿವೃತ್ತ ಮೇಷ್ಟ್ರು. ಇಸ್ತ್ರಿ ಮಾಡಿದ ಅಂಗಿಯ ಜೇಬಿನಲ್ಲಿ ಎರಡು ಪೆನ್ನು, ಎರಡರಲ್ಲೂ ಇಂಕಿಲ್ಲ. ಗುಳಿಗೆಯ ಸೀಸೆಗೆ ಮುತ್ತುವ ಇರುವೆಗಳನ್ನು "ನಿಮಗೇನ್ರೋ ಕಾಯಿಲೆ?" ಎಂದು ಗದರಿ ಊದುತ್ತಾರೆ. ಕನಸಿನಲ್ಲಿ ಏನು ಕಾಣುತ್ತದೆ, ಗುಡುಗಿಗೆ ಹೆದರುತ್ತೀರಾ, ಯಾವ ಮಗ್ಗುಲಿಗೆ ಮಲಗುತ್ತೀರಿ ಎಂದು ಡಾಕ್ಟರಮ್ಮ ಕಾಲು ಗಂಟೆ ವಿಚಾರಿಸಿದ್ದನ್ನು "ಅಮ್ಮಾ, ನಿದ್ದೆ ಬರುತ್ತಾ?" ಎಂದು ಮುಗಿಸುತ್ತಾರೆ. ಅಜ್ಜಿ ಸೊಸೆಯ ಪುರಾಣವನ್ನು ಮೊದಲಿನಿಂದ ಬಿಚ್ಚಿದರೆ, ಅದು ಆಚೆ ದಡ ಸೇರುವಷ್ಟರಲ್ಲಿ ಬರೀ ತಲೆನೋವಾಗಿರುತ್ತದೆ. ಬೇರೆ ಔಷಧಿಯೆಲ್ಲ ನಿಲ್ಲಿಸಿ, ಇದೊಂದೇ ಸಾಕು ಎಂದು ಡಾಕ್ಟರಮ್ಮ ಬೆರಳೆತ್ತಿ ಹೇಳಿದಾಗ ಮಾತ್ರ ಮೇಷ್ಟ್ರ ಧ್ವನಿ ಪಾಠದ ದಿನಗಳಷ್ಟು ಗಟ್ಟಿಯಾಗುತ್ತದೆ: "ಆಸ್ಪತ್ರೆ ಮಾತ್ರೆ ಒಂದು ಹೊತ್ತೂ ತಪ್ಪಿಸಬೇಡಿ. ಜೊತೆಗೆ ಇದನ್ನೂ ಚೀಪಿ." ಭಾಷೆ ತಿಳಿಯದ ಡಾಕ್ಟರಮ್ಮ ಮೆಚ್ಚಿ ತಲೆಯಾಡಿಸುತ್ತಾರೆ. ಮರುವರ್ಷ ಬಾರದವರನ್ನೆಲ್ಲ ಗುಣವಾದವರ ಪಟ್ಟಿಗೆ ಸೇರಿಸುವುದು ಸಂಸ್ಥೆಯ ಪದ್ಧತಿ. ಪಟ್ಟಿ ವರ್ಷವರ್ಷವೂ ಬೆಳೆಯುತ್ತಿದೆ. "ಅವರು ಹೇಳೋದೊಂದು, ನೀವು ಹೇಳೋದೊಂದು. ಇದೆಂಥಾ ಅನುವಾದ ಮೇಷ್ಟ್ರೇ?" ಎಂದು ಒಮ್ಮೆ ಕೆಣಕಿದೆ. ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ಮೊದಲನೇ ವರ್ಷ ಅವರು ಹೇಳಿದ್ದನ್ನ ಅಕ್ಷರ ಬಿಡದೆ ಹೇಳಿದ್ದೆ ಕಣಪ್ಪಾ. ಸಾಲಲ್ಲಿ ನಮ್ಮಕ್ಕನೂ ಕೂತಿದ್ದಳು. ತಮ್ಮನೇ ಹೇಳಿದ ಮೇಲೆ ಇನ್ನೇನು ಅಂತ ಟಿ.ಬಿ. ಮಾತ್ರೆ ಬಿಟ್ಟಳು, ಆರು ತಿಂಗಳಲ್ಲಿ ಹೋದಳು. ಗುಣವಾದವರ ಪಟ್ಟೀಲಿ ಮೊದಲನೇ ಹೆಸರು ಅವಳದು."