ಶಮೀಮಳ ಮಹಡಿ ಕೋಣೆ

ಎಲ್ಲಿಗೆ ಹೋಗಿ ಬಂದರೂ ನನ್ನ ಮೊಬೈಲು ಬಿಡದೆ ಕೇಳುತ್ತದೆ: ಹೇಗಿತ್ತು, ಎಷ್ಟು ನಕ್ಷತ್ರ ಕೊಡುತ್ತೀರಿ? ಬದುಕಿನುದ್ದಕ್ಕೂ ಉತ್ತರಪತ್ರಿಕೆಗಳಿಗೆ ಅಂಕ ಹಾಕಿ ನಿವೃತ್ತನಾದ ಕನ್ನಡ ಮೇಷ್ಟರಿಗೆ ಇದಕ್ಕಿಂತ ಪ್ರಿಯವಾದ ಪ್ರಶ್ನೆ ಇನ್ನೊಂದಿರಲಾರದು. ಜಾತಕದಲ್ಲಿ ನನ್ನ ನಕ್ಷತ್ರ ಯಾವುದೆಂಬುದು ನನಗೇ ಮರೆತುಹೋಗಿದೆ. ಆದರೆ ಹೊಳಲ್ಕೆರೆಯ ಕ್ಷೌರದಂಗಡಿಯಿಂದ ಹಿಡಿದು ಹಾಲುರಾಮೇಶ್ವರದ ದಾರಿಯ ಚಹಾದಂಗಡಿಯವರೆಗೆ ಉಳಿದವರ ನಕ್ಷತ್ರಗಳನ್ನೆಲ್ಲ ನಿರ್ಣಯಿಸಿದವನು ನಾನೇ. ಉಪ್ಪಿಟ್ಟಿನ ವಿಮರ್ಶೆ ಎರಡನೆಯ ವಾಕ್ಯಕ್ಕೆ ಕಾಲಿಡುವ ಮೊದಲೇ ಹೆಂಡತಿ ತಟ್ಟೆ ಎತ್ತಿಕೊಂಡು ಹೋದಂದಿನಿಂದ ಮನೆಯೊಳಗೆ ಮಾತ್ರ ಈ ವ್ಯಸನಕ್ಕೆ ಸಂನ್ಯಾಸ ಕೊಡಿಸಿದ್ದೇನೆ.

ಇಂಥ ನಾನು ಚಿತ್ರದುರ್ಗದ ಒಂದು ಹೋಟೆಲಿನ ಬಗ್ಗೆ ಇಂದಿಗೂ ಒಂದಕ್ಷರ ಬರೆದಿಲ್ಲ. ಹೋಟೆಲೆಂದರೆ ಇಡ್ಲಿ-ವಡೆಯದಲ್ಲ. ನಡುವೆ ಅಂಗಳವಿರುವ ಹಳೆಯ ಮಹಡಿಮನೆಯೊಂದರ ಕಂಬಗಳಿಗೆ ಎಣ್ಣೆ ತಿಕ್ಕಿ, ಬೀಸುವ ಕಲ್ಲಿನ ಮೇಲೆ ಹೂವಿನ ಕುಂಡ ಕೂರಿಸಿ, ಕೋಣೆಗೊಂದು ಹೆಸರಿಟ್ಟು ಅತಿಥಿಗಳಿಗೆ ತೆರೆದಿರುವ ಜಾಗ ಅದು. ಒಂದು ಕಾಲಕ್ಕೆ ಅದೇ ನನ್ನ ಕಾಲೇಜು ಗೆಳೆಯ ಮೆಹಬೂಬನ ಮನೆಯಾಗಿತ್ತು.

ಮೆಹಬೂಬ ಅಣ್ಣತಮ್ಮಂದಿರಲ್ಲಿ ಕಡೆಯವನು. ಮಹಡಿಯ ಮುಂದಿನ ಕೋಣೆಯ ಕಿಟಕಿ ತೆರೆದರೆ, ತುದಿಯ ಬತೇರಿ ಎಂಬ ಕಾವಲು ಬುರುಜಿನ ಸಮೇತ ಕೋಟೆ ಎದುರಿಗೇ ನಿಲ್ಲುತ್ತಿತ್ತು. ಹೊಸದಾಗಿ ಮದುವೆಯಾದ ಜೋಡಿಗೆ ಆ ಕೋಣೆ ಎಂಬುದು ಆ ಮನೆಯ ಪದ್ಧತಿ. ಮೆಹಬೂಬ ಹೊಸದುರ್ಗದಿಂದ ಶಮೀಮಳನ್ನು ಮದುವೆಯಾಗಿ ಕರೆತಂದಾಗ ಅಲ್ಲಿ ಅವನ ಅತ್ತಿಗೆ ಹಸುಗೂಸಿನ ಬಾಣಂತಿಯಾಗಿದ್ದಳು. ಸ್ವಲ್ಪ ದಿನ ಎಂದುಕೊಂಡು ಹೊಸ ಜೋಡಿ ಅಡುಗೆಮನೆಯ ಹಿಂದಿನ ಮೂಲೆಗೆ ಒಂದು ಪರದೆ ಕಟ್ಟಿಕೊಂಡಿತು. ಕೂಸನ್ನು ತೂಗಲು, ಕಸ ಗುಡಿಸಲು ಶಮೀಮ ಮೇಲಿನ ಕೋಣೆಗೆ ಹೋಗಿ ಬರುತ್ತಿದ್ದಳು. ಆದರೆ ಕೋಟೆಗೆ ಮೊದಲ ಬಿಸಿಲು ಬೀಳುವುದನ್ನು ನೋಡಲೆಂದು ಬೆಳಗಿನ ಜಾವ ಇನ್ನೊಂದು ಜೋಡಿಯ ಕೋಣೆಯ ಕಿಟಕಿಯಲ್ಲಿ ನಿಲ್ಲುವಂತಿರಲಿಲ್ಲವಷ್ಟೆ! "ಬರೋ ಹಬ್ಬಕ್ಕೆ ಮೇಲೆ ಹೋಗಾಣ" ಎನ್ನುತ್ತಿದ್ದ ಮೆಹಬೂಬ. ಹಬ್ಬಗಳು ಬಂದವು, ಹೋದವು. ಆಮೇಲೆ ಅವನ ತಂದೆ ತೀರಿಕೊಂಡರು, ಅಣ್ಣತಮ್ಮಂದಿರು ಬೇರೆಯಾದರು, ಮನೆ ಮಾರಿಹೋಯಿತು. ಅವನು ಹಿರಿಯೂರಿನಲ್ಲಿ ಬಟ್ಟೆ ಅಂಗಡಿ ಇಟ್ಟ.

ಮನೆ ಹೋಟೆಲಾಯಿತೆಂಬ ಸುದ್ದಿ ಅವನಿಗೆ ಬೇಗನೇ ತಲುಪಿತ್ತು. ಮದುವೆ ಸೀಸನ್ ಮುಗಿಯಲಿ, ಮಗಳ ಬಾಣಂತನ ಕಳೆಯಲಿ, ಬಿಸಿಲು ಇಳಿಯಲಿ ಎಂದು ವರ್ಷಗಳನ್ನು ದಾಟಿಸಿ, ಕಡೆಗೊಂದು ದಿನ ನನಗೆ ಫೋನು ಮಾಡಿದ.

"ಲೇ ಸೀನ, ಆ ಮಹಡಿ ಕೋಣೆ ಬುಕ್ ಮಾಡೀನಿ. ಶಮೀಮಗೆ ಹೇಳಿಲ್ಲ. ನೀನೂ ಒಂದು ಕೋಣೆ ಹಿಡಿದು ಬಾರಲೇ. ನಾವಿಬ್ರೇ ಹೋದ್ರೆ ಬಾಗಿಲಾಗೇ ಅತ್ತುಬಿಡ್ತೀನೇನೋ ಅಂತ ಭಯ."

ಆಟೋ ನಿಂತಾಗ ಶಮೀಮ ಆ ದೊಡ್ಡ ಬಾಗಿಲನ್ನು ನೋಡಿದಳು, ಆಮೇಲೆ ಗಂಡನನ್ನು.

"ಇಲ್ಲಿಗ್ಯಾಕೆ ಬಂದ್ವಿ?"

"ಮೇಲೆ ಹೋಗಾಣ ಅಂದಿದ್ನಲ್ಲ, ನಡಿ," ಎಂದ ಮೆಹಬೂಬ.

ಅವಳು ಸೆರಗು ಸರಿಮಾಡಿಕೊಂಡಳು. ಅರವತ್ತು ದಾಟಿದ ಆ ಮುಖದಲ್ಲಿ ಆ ಗಳಿಗೆ ಕಂಡ ನಾಚಿಕೆಯನ್ನು ಬಣ್ಣಿಸಲು ನನ್ನ ಸಕಲ ಅಲಂಕಾರಶಾಸ್ತ್ರವೂ ಸಾಲದು.

ಆದರೆ ಮಹಡಿಯ ಮೆಟ್ಟಿಲು ಹಳೆಯ ಮರದ್ದು, ಕಡಿದು, ಇಕ್ಕಟ್ಟು. ಪರಂಪರೆಯನ್ನು ಕಾಪಾಡುವ ಉತ್ಸಾಹದಲ್ಲಿ ಹೋಟೆಲಿನವರು ಲಿಫ್ಟು ಹಾಕಿರಲಿಲ್ಲ. ಶಮೀಮ ಕಟಕಟೆ ಹಿಡಿದು ಹತ್ತತೊಡಗಿದಳು; ತಿರುವಿನವರೆಗೂ ಹೋಗಿ, ಅಲ್ಲೇ ಕುಳಿತುಬಿಟ್ಟಳು. "ಮೊಣಕಾಲು ಮಾತು ಕೇಳ್ತಾ ಇಲ್ಲ ಕಣ್ರೀ" ಎಂದು ನಗಲು ನೋಡಿದಳು, ಆಗಲಿಲ್ಲ. ನಾವು ಕೈಹಿಡಿದು ಇಳಿಸಿದೆವು. ಹೋಟೆಲಿನ ಮ್ಯಾನೇಜರ್ ಹುಡುಗಿ ಪಾಪ ಒಳ್ಳೆಯವಳು; ಕುರ್ಚಿಯಲ್ಲಿ ಕೂರಿಸಿ ಇಬ್ಬರು ಎತ್ತಿಕೊಂಡು ಹೋಗುತ್ತಾರೆಂದಳು.

"ಬ್ಯಾಡಮ್ಮ, ನಾಲ್ಕು ಜನ ಹೊತ್ಕಂಡು ಹೋಗೋದು ಒಂದೇ ಸಲ. ಅದಿನ್ನೂ ತಡ ಐತೆ," ಎಂದಳು ಶಮೀಮ.

ಮೆಹಬೂಬ ಒಬ್ಬನೇ ಮೇಲೆ ಓಡಿದ. ಕೋಣೆಯೊಳಗೆ ಹೋಗಿ ಬಂದು, ಅಂಗಳದ ಕಡೆಗೆ ಬಾಗಿ, ಇಡೀ ಮನೆ ಕೇಳುವಂತೆ ಕೂಗಿದ: "ಶಮೀಮಾ, ಕೋಟೆ ಕಾಣ್ತೈತೆ! ಬತೇರಿನೂ ಕಾಣ್ತೈತೆ!" ನಲ್ಲಿಯಲ್ಲಿ ನೀರು ಬಂದ ವರದಿ ಕೇಳಿದವಳಂತೆ ಅವಳು ಕೆಳಗಿನಿಂದಲೇ, "ಆಯ್ತು, ಹುಷಾರಾಗಿ ಇಳಿದು ಬರ್ರಿ" ಎಂದಳು.

ನನಗೆ ಕೊಟ್ಟಿದ್ದ ಕೆಳಗಿನ ಕೋಣೆಯನ್ನು ಅವರಿಗೆ ಬಿಟ್ಟುಕೊಟ್ಟು, ನಾನು ಮಹಡಿಯದನ್ನು ತೆಗೆದುಕೊಳ್ಳುವುದೆಂದು ತೀರ್ಮಾನವಾಯಿತು. 'ಅಂಗಳ' ಎಂದು ಫಲಕ ಹೊತ್ತ ಆ ಕೋಣೆಯ ಬಾಗಿಲು ತೆಗೆದರೆ ಬಿಳಿಯ ಹಾಸಿಗೆ, ಕನ್ನಡಿ, ಕುಸುರಿಯ ದೀಪ. ಶಮೀಮ ಹೊಸ್ತಿಲಲ್ಲೇ ನಿಂತು ಗೋಡೆಯ ಗೂಡೊಂದನ್ನು ದಿಟ್ಟಿಸಿದಳು. ಒಳಗೆ ಹೋಗಿ ಅದರಲ್ಲಿ ಕೈಯಿಟ್ಟು ತಡವಿದಳು.

"ರೀ, ಇದು ನಮ್ಮದೇ ಮೂಲೆ. ಇಲ್ಲೇ ನಾನು ಬಾಚಣಿಗೆ ಇಡ್ತಿದ್ದಿದ್ದು."

ನಿಜವೇ. ಅಡುಗೆಮನೆಯ ಒಲೆ ಇದ್ದಲ್ಲಿ ಈಗ ಬಚ್ಚಲು. ಪರದೆ ಇದ್ದಲ್ಲಿ ಗೋಡೆ. ಅಷ್ಟು ವರ್ಷ ಸುತ್ತಿ ಬಂದು, ಗಂಡಹೆಂಡಿರು ಅತಿಥಿಗಳಾಗಿ ಹೊರಟಲ್ಲಿಗೇ ಸೇರಿದ್ದರು. ಶಮೀಮ ಈ ಸಲ ಮನಸಾರೆ ನಕ್ಕಳು. ಮೆಹಬೂಬನಿಗೆ ನಗು ಬರಲಿಲ್ಲ. ಹಾಸಿಗೆಯ ಅಂಚಿನಲ್ಲಿ ಕುಳಿತು ಎರಡೂ ಕೈಗಳಲ್ಲಿ ಮುಖ ಮುಚ್ಚಿಕೊಂಡ.

"ಕಾಲು ಗಟ್ಟಿ ಇದ್ದಾಗ ಕರ್ಕಂಡು ಬರಬೇಕಿತ್ತು ಕಣೋ ಸೀನ. ಕೋಣೆ ಎಲ್ಲಿಗೆ ಹೋಗ್ತೈತೆ ಅಂದ್ಕಂಡೆ."

ಕೋಣೆಯೇನೋ ಎಲ್ಲಿಗೂ ಹೋಗಿರಲಿಲ್ಲ. ಕಾಯುವುದರಲ್ಲಿ ಕಲ್ಲು ಗಾರೆಗಳಿಗಿರುವ ತಾಳ್ಮೆ ನಮ್ಮ ಮೂಳೆಗಳಿಗಿಲ್ಲ ಎಂಬ ಸರಳ ಸತ್ಯವನ್ನು ನಾವೆಲ್ಲ ಮೆಟ್ಟಿಲ ಬುಡದಲ್ಲೇ ಕಲಿಯುತ್ತೇವೆ. ನಾನು ಮೆಲ್ಲಗೆ ಹೊರಬಂದೆ. ಹಿಂದಿನಿಂದ ಅವಳ ದನಿ ಕೇಳಿತು: "ಏಳ್ರಿ, ಮುಖ ತೊಳಕಳ್ರಿ. ಆವಾಗ ಪರದೆ ಇತ್ತು, ಈಗ ಬಾಗಿಲಾದ್ರೂ ಬಂದೈತೆ."

ಮರುದಿನ ಬೆಳಗ್ಗೆ ಅಂಗಳದಲ್ಲಿ ತಿಂಡಿಗೆ ಕುಳಿತಾಗ ಶಮೀಮ ಕೇಳಿದಳು: "ಮೇಲಿನ ಕೋಣೆ ಹೆಂಗಿತ್ತಣ್ಣ?"

ಅವಳಿಗೆ ನೋವಾಗದಿರಲಿ ಎಂದು ನಾನು ಅಂದೆ, "ಏನಿಲ್ಲಮ್ಮ, ಬರೀ ಸೆಕೆ. ಕಿಟಕಿ ತೆಗೆದರೆ ಸೊಳ್ಳೆ. ನೀನು ಬರದಿದ್ದದ್ದೇ ಒಳ್ಳೆಯದಾಯ್ತು."

ಅವಳು ಚಹಾದ ಲೋಟ ಕೆಳಗಿಟ್ಟಳು. "ಹಂಗನ್ನಬ್ಯಾಡ್ರಿ ಅಣ್ಣ. ಚೆನ್ನಾಗಿತ್ತು ಅನ್ರಿ. ಚೆನ್ನಾಗಿಲ್ಲದ ಕೋಣೆಗೆ ನಾನು ಅಷ್ಟು ವರ್ಷ ಕಾದಿದ್ನಾ?"

ಮೆಹಬೂಬ ತಲೆ ತಗ್ಗಿಸಿದ. ಸುಳ್ಳನ್ನು ಹಿಂತೆಗೆದುಕೊಂಡು ನಾನು ಕಂಡದ್ದನ್ನು ಕಂಡ ಹಾಗೆ ಹೇಳತೊಡಗಿದೆ: ಕಿಟಕಿಯ ಕಟ್ಟೆ ಎಷ್ಟು ಅಗಲವಿದೆ, ಎಚ್ಚರವಾದಾಗ ಗುಡ್ಡದ ಮೇಲೆ ಹೇಗೆ ತೆಳುವಾದ ಮಂಜಿತ್ತು, ಬಂಡೆಯಿಂದ ಬಂಡೆಗೆ ಕೋಟೆಯ ಗೋಡೆ ಹೇಗೆ ಹತ್ತಿಕೊಂಡು ಹೋಗುತ್ತದೆ, ಕುರಿಯ ಹಿಂಡೊಂದು ಗಂಟೆಯ ಸದ್ದು ಮಾಡುತ್ತ ಹೇಗೆ ಅದರ ಬುಡದಲ್ಲಿ ಹಾದುಹೋಯಿತು. ಅವಳು ಕಣ್ಣು ಮಿಟುಕಿಸದೆ ಕೇಳುತ್ತಿದ್ದಳು.

"ಬಿಸಿಲು ಬಿದ್ದಾಗ ಬಂಡೆ ಕೆಂಪಗಾಗ್ತಾವಾ?"

"ಆಗ್ತಾವಮ್ಮ. ಮೊದಲು ತುದಿಯ ಬತೇರಿ, ಆಮೇಲೆ ಗೋಡೆ. ಕೆಳಗಿನ ಬಂಡೆಗಳಿಗೆ ಕಡೆಗೆ ಬಣ್ಣ ಬರ್ತೈತೆ."

ಶಮೀಮ ಮಹಡಿಯ ಕಡೆಗೆ ಮುಖ ಎತ್ತಿದಳು.

"ನಾನೂ ಹಂಗೇ ಅಂದ್ಕಂಡಿದ್ದೆ," ಎಂದಳು.