ಆಂಟೆನಾ ಅಣ್ಣನ ಅರ್ಧ ಬಾಗಿಲು

ದೋಣಿಗೆ ವೈರ್‌ಲೆಸ್ ರೇಡಿಯೊ ಆಂಟೆನಾ ಕೊಳ್ಳಲು ಬಂದವರಿಗೆ ಆಂಟೆನಾ ಅಣ್ಣನಿಂದ ಮೊದಲು ಸಿಗುವುದು ಬೈಗುಳ, ಆಮೇಲೆ ಬೆಲೆ. "ಗಿಡ್ಡದೇ ಸಾಕಣ್ಣಾ" ಎಂದರೆ, "ಸಾಕು ಬಿಡು, ದಡದಲ್ಲೇ ಕೂತು ಮಾತಾಡೋಕೆ" ಎನ್ನುತ್ತಾನೆ. ದೋಣಿಯ ಕಂಬದ ತುದಿಯಲ್ಲಿ ಬಾವುಟ ಕಂಡರಂತೂ ಕೆಂಡವಾಗುತ್ತಾನೆ: "ಇಳಿಸೋ ಅದನ್ನ! ಬಾವುಟಕ್ಕೇನು ಕಿವಿ ಇದೆಯಾ?" ಆ ಜಾಗದಲ್ಲಿ ಆಂಟೆನಾ ಕೂತು, ನಟ್ಟು ಮೂರು ಸಲ ಬಿಗಿಯಾದ ಮೇಲೇ ಅವನ ಮುಖ ಸಡಿಲವಾಗುವುದು. "ಕಂಡವರ ದೋಣಿಗೆಲ್ಲ ಕಿವಿ ಕೂರಿಸ್ತಾರೆ, ನಾನು ಕರೆದ್ರೆ ಮಾತ್ರ ಇವರಿಗೆ ಕೇಳ್ಸಲ್ಲ" ಎಂಬುದು ಹೆಂಡತಿಯ ದೂರು. ಸಂಜೆ ಬೀದಿಯೆಲ್ಲ ಮುಚ್ಚಿದರೂ ಅವನ ಅಂಗಡಿಯ ಬಾಗಿಲು ಅರ್ಧ ತೆರೆದೇ ಇರುತ್ತದೆ. ಕೊನೆಯ ಗಿರಾಕಿಯ ಆಸೆಯೆಂದು ಅಕ್ಕಪಕ್ಕದವರು ನಗುತ್ತಾರೆ. ಅವನೋ ಒಳಗೆ ರೇಡಿಯೊಗೆ ಕಿವಿಗೊಟ್ಟು ಕೂತಿರುತ್ತಾನೆ; ತಾನು ಆಂಟೆನಾ ಕೂರಿಸಿದ ದೋಣಿಗಳಲ್ಲಿ ಕೊನೆಯದರಿಂದ "ದಡ ಸೇರಿದೆ ಅಣ್ಣಾ" ಎಂಬ ದನಿ ಬಂದಮೇಲೆ, "ಇಷ್ಟೊತ್ತು ಬೇಕಾಯ್ತೇನೋ ಕತ್ತೆ?" ಎಂದು ಬೈದು ಬಾಗಿಲೆಳೆಯುತ್ತಾನೆ.