ಆ ಇಳಿಜಾರಿನಲ್ಲಿ ಕೂಗಿದ್ದು ಯಾರು

ಶಕುನ, ದೆವ್ವ, ಕನಸಿನಲ್ಲಿ ಬಂದು ಎಚ್ಚರಿಸಿ ಹೋಗುವ ಹಿರಿಯರು, ಇಂಥ ಮಾತು ಶುರುವಾದರೆ ನಾನು ಮೆಲ್ಲಗೆ ಎದ್ದು ಕಾಫಿ ಮಾಡಲು ಹೋಗುವ ಜಾತಿಯವನು. ಲಂಡನ್ನಿನ ಕೆಂಟನ್‌ನಲ್ಲಿ ನಮ್ಮವರ ಮನೆಗಳಲ್ಲಿ ಊಟದ ನಂತರ ಈ ವಿಷಯ ಬಂದೇ ಬರುತ್ತದೆ. ಹೇಳುವವರು ಸುಳ್ಳು ಹೇಳುತ್ತಾರೆ ಎಂದು ನಾನು ಯಾವತ್ತೂ ಅಂದುಕೊಂಡಿರಲಿಲ್ಲ. ಊರು ಬಿಟ್ಟು ಬಂದವರಿಗೆ ಹೇಳಿಕೊಳ್ಳಲು ಏನಾದರೂ ಬೇಕಲ್ಲ ಎಂದು ಸುಮ್ಮನಾಗುತ್ತಿದ್ದೆ. ಈಗಲೂ ನಾನು ನಂಬುವವನೆಂದು ಹೇಳಲಾರೆ. ಆದರೆ ಕೆಲವು ವರ್ಷಗಳ ಹಿಂದೆ, ಹಾಡುಹಗಲಲ್ಲಿ, ಲಂಡನ್ ಅಂಚಿನ ಹೇಸ್‌ನ ನನ್ನ ಬಾಡಿಗೆ ಕೋಣೆಯಲ್ಲಿ ನಡೆದದ್ದನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದೇನೆ. ಇಲ್ಲಿ ಬರೆಯುತ್ತೇನೆ. ಓದಿ ನಗುವವರು ನಗಬಹುದು, ನಾನಾಗಿದ್ದರೆ ನಗುತ್ತಿದ್ದೆ.

ನನಗೆ ಆಗ ಐವತ್ತರ ಹತ್ತಿರ. ವಿಮಾನ ನಿಲ್ದಾಣದ ಪಕ್ಕದ ಒಂದು ಗೋದಾಮಿನಲ್ಲಿ ಶಿಫ್ಟ್ ಸೂಪರ್‌ವೈಸರ್ ಕೆಲಸ. ಮದುವೆ ಮುರಿದು ಬಿದ್ದು ಬಹಳ ಕಾಲವಾಗಿತ್ತು. ಮಗಳು ಬೇರೆ ಊರಿನಲ್ಲಿ ಓದುತ್ತಿದ್ದಳು, ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಚುಟುಕಾಗಿ ಉತ್ತರಿಸುತ್ತಿದ್ದಳು. ಮನಸ್ಸು ಬಿಚ್ಚಿ ಕನ್ನಡ ಮಾತಾಡಲು ನನಗೆ ಇದ್ದವನು ಒಬ್ಬನೇ, ರಘುರಾಮ. ಕುಂದಾಪುರದ ಕಡೆಯವನು, ಕೆಂಟನ್‌ನ ಒಂದು ಹೋಟೆಲಿನಲ್ಲಿ ಅಡುಗೆ ಭಟ್ಟ. ಸೋಮವಾರ ಅವನ ಹೋಟೆಲಿಗೆ ರಜೆ. ನಾನೂ ಶಿಫ್ಟ್ ಹೊಂದಿಸಿಕೊಂಡು ಸೋಮವಾರ ಬಿಡುವು ಮಾಡಿಕೊಳ್ಳುತ್ತಿದ್ದೆ. ಹನ್ನೊಂದು ವರ್ಷ, ಚಳಿ ಮಳೆ ಎನ್ನದೆ, ಇಬ್ಬರೂ ಸೋಮವಾರ ಸೈಕಲ್ ಹತ್ತಿ ಲಂಡನ್ನಿನ ಆಚೆಯ ಗುಡ್ಡಗಳಿಗೆ ಹೋಗುತ್ತಿದ್ದೆವು.

ನಮ್ಮಲ್ಲಿ ಕೆಲಸದ ಹಂಚಿಕೆ ಇತ್ತು. ದಾರಿ ಹುಡುಕುವುದು ನನ್ನ ಪಾಲು. ಕಂಪ್ಯೂಟರಿನಲ್ಲಿ ನಕ್ಷೆ ತೆರೆದು, ಏರು ಎಷ್ಟು, ಲಾರಿ ಓಡಾಡುವ ರಸ್ತೆ ಯಾವುದು, ನೀರು ಎಲ್ಲಿ ಸಿಗುತ್ತದೆ ಎಂದೆಲ್ಲ ನೋಡಿ ಗೆರೆ ಎಳೆದು ಅವನ ಸೈಕಲ್ಲಿನ ಪುಟ್ಟ ಯಂತ್ರಕ್ಕೆ ಕಳಿಸುತ್ತಿದ್ದೆ. ಮುಂದೆ ಹೋಗುವುದು ಅವನ ಪಾಲು. ನಾನು ಅವನ ಹಿಂದಿನ ಚಕ್ರಕ್ಕೆ ಒಂದು ಮೊಳ ಬಿಟ್ಟು, ಗಾಳಿ ತಾಗದಂತೆ ಅಂಟಿಕೊಂಡು ಹೋಗುವವನು. ಮುಂದಿರುವವನು ರಸ್ತೆಯ ಗುಂಡಿ ಕಂಡರೆ ಕೈ ಕೆಳಗೆ ಮಾಡಿ ತೋರಿಸಿ ಕೂಗಬೇಕು, ಹಿಂದಿರುವವನಿಗೆ ಏನೂ ಕಾಣುವುದಿಲ್ಲವಾದ್ದರಿಂದ ಅವನು ಕಣ್ಣು ಮುಚ್ಚಿ ನಂಬಬೇಕು. ಸೈಕಲ್ಲಿನವರೆಲ್ಲರ ರೂಢಿ ಅದು. ರಘುರಾಮ ಮಾತ್ರ "ಹೊಂಡ!" ಎಂದು ಕೂಗುತ್ತಿದ್ದ. ಚಿಕ್ಕಂದಿನಲ್ಲಿ ಅವನ ಅಣ್ಣ ಅವನನ್ನು ಹಿಂದೆ ಹಾಕಿಕೊಂಡು ಶಾಲೆಗೆ ಸೈಕಲ್ಲಿನಲ್ಲಿ ಹೋಗುವಾಗ ಹಾಗೆ ಕೂಗುತ್ತಿದ್ದನಂತೆ. ನಾನು ಮೈಸೂರಿನವನು, ನನ್ನ ಬಾಯಲ್ಲಿ ಅದು ಗುಂಡಿ ಅಥವಾ ಹಳ್ಳ. ಆದರೆ ಹನ್ನೊಂದು ವರ್ಷದಲ್ಲಿ ನಾನು ಒಮ್ಮೆಯೂ ಮುಂದೆ ಹೋದವನಲ್ಲ, ಹಾಗಾಗಿ ಕೂಗುವ ಪ್ರಸಂಗವೇ ಬಂದಿರಲಿಲ್ಲ.

ಆ ಅಣ್ಣ ತೀರಿಕೊಂಡದ್ದು ನಾನು ಹೇಳುವ ಘಟನೆಗೆ ಒಂದು ವರ್ಷ ಮೊದಲು. ರಘುರಾಮನ ಪಾಸ್‌ಪೋರ್ಟ್ ಆಗ ವೀಸಾ ನವೀಕರಣಕ್ಕೆ ಹೋಗಿ ಕೂತಿತ್ತು. ಊರಿಗೆ ಹೋಗಲಾಗಲಿಲ್ಲ. ಚಿತೆಗೆ ಬೆಂಕಿ ಇಡುವುದನ್ನು ಅವನು ಹೋಟೆಲಿನ ಹಿಂಬಾಗಿಲಲ್ಲಿ ನಿಂತು ಫೋನಿನಲ್ಲಿ ನೋಡಿದ. ಸಾಯುವ ಮೊದಲು ಅಣ್ಣ ಎರಡು ಸಲ "ಅವ ಬಂದ್ನಾ" ಎಂದು ಕೇಳಿದ್ದನೆಂದು ಅತ್ತಿಗೆ ಹೇಳಿದ್ದು ಇವನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಆಮೇಲೆ ಅವನು ಸೈಕಲ್ ತುಳಿಯುವಾಗಲೂ ಮಾತು ಕಡಿಮೆ ಮಾಡಿದ.

ಅವನನ್ನು ಸ್ವಲ್ಪ ಎಬ್ಬಿಸೋಣ ಎಂದು ನಾನೇ ಸ್ಪೇನಿನ ಮಾತು ತೆಗೆದೆ. ಅಲ್ಲಿಯ ಕರಾವಳಿಯಿಂದ ಒಳಗೆ ಹೋದರೆ ಒಂದರ ಹಿಂದೊಂದು ಕಣಿವೆ. ಕೆಳಗೆ ಕಿತ್ತಳೆ ತೋಟ, ಮೇಲಕ್ಕೆ ಹೋದಂತೆ ಕಲ್ಲು ಕಟ್ಟಿ ಮಾಡಿದ ಮೆಟ್ಟಿಲು ಗದ್ದೆಗಳಲ್ಲಿ ಬಾದಾಮಿ ಮರ, ಆಲಿವ್ ಮರ. ಹತ್ತು ಹದಿನೈದು ಮೈಲಿಗೊಂದು ಪುಟ್ಟ ಹಳ್ಳಿ, ಹಳ್ಳಿಯ ಮಧ್ಯೆ ಬಾಟಲಿಗೆ ನೀರು ತುಂಬಿಕೊಳ್ಳಲು ಕಲ್ಲಿನ ನಲ್ಲಿ. ಇಡೀ ಚಳಿಗಾಲ ನಾನು ಆ ನಕ್ಷೆಯ ಮೇಲೆಯೇ ಬಿದ್ದುಕೊಂಡಿದ್ದೆ. ಒಂದು ಘಟ್ಟದ ಆಚೆ ಇಳಿಯಲು ಎರಡು ದಾರಿ ಇದ್ದವು. ದೊಡ್ಡ ರಸ್ತೆ ಬಿಟ್ಟು ನಾನು ಒಂದು ಸಣ್ಣ ರಸ್ತೆಗೆ ಗೆರೆ ಎಳೆದೆ, ವಾಹನಗಳಿಲ್ಲ, ನೋಟ ಚೆನ್ನಾಗಿದೆ ಎಂದು. ಯಾರೋ ಸೈಕಲ್ಲಿಗೆ ಕ್ಯಾಮೆರಾ ಕಟ್ಟಿಕೊಂಡು ಆ ರಸ್ತೆಯನ್ನು ಪೂರ್ತಿ ಚಿತ್ರೀಕರಿಸಿದ ವಿಡಿಯೋ ಸಿಕ್ಕಿತು. ರಸ್ತೆ ಕನ್ನಡಿಯಂತೆ ನುಣ್ಣಗಿತ್ತು. ಆ ವಿಡಿಯೋ ಎಷ್ಟು ವರ್ಷ ಹಳೆಯದು ಎಂದು ನಾನು ನೋಡಲಿಲ್ಲ.

ಹೊರಡಲು ಎರಡು ವಾರ ಇರುವಾಗ ಒಂದು ನಾಮಕರಣದ ಊಟದಲ್ಲಿ ಪಕ್ಕದಲ್ಲಿ ಕೂತಿದ್ದವರು ಬಡಿಸುತ್ತಿದ್ದವರಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ರಘುರಾಮ ಲಂಡನ್ ಬಿಟ್ಟು ಎಡಿನ್‌ಬರ್ಗ್‌ಗೆ ಹೋಗಿ ಹೆಂಡತಿಯ ಕಡೆಯವರ ಜತೆ ಹೋಟೆಲ್ ಮಾಡುತ್ತಾನಂತೆ. ಎಲ್ಲರಿಗೂ ಗೊತ್ತಿತ್ತು, ನನಗೆ ಮಾತ್ರ ಗೊತ್ತಿರಲಿಲ್ಲ. ಸ್ಪೇನಿನಲ್ಲಿ ನಿಧಾನವಾಗಿ ಹೇಳೋಣ ಎಂದುಕೊಂಡಿದ್ದೆ ಎಂದು ಅವನು ಆಮೇಲೆ ಹೇಳಿದ. ನನಗೆ ಅದು ಕೇಳಿಸಿಕೊಳ್ಳುವ ಮನಸ್ಸಿರಲಿಲ್ಲ. ಮುಖ ಊದಿಸಿಕೊಂಡೆ. ಇನ್ನು ನಾಲ್ಕು ದಿನ ಇದೆ ಎನ್ನುವಾಗ ಫೋನ್ ಮಾಡಿ ಗೋದಾಮಿನಲ್ಲಿ ಜನ ಕಡಿಮೆ, ನನ್ನ ರಜೆ ರದ್ದಾಯಿತು ಎಂದೆ. ಅವನು, ಹಾಗಾದರೆ ನಾನೊಬ್ಬನೇ ಹೋಗಿಬರುತ್ತೇನೆ, ನೀನು ಮಾಡಿದ ದಾರಿ ಇದೆಯಲ್ಲ ಎಂದ.

ರಜೆ ರದ್ದಾಗಿರಲಿಲ್ಲ. ಐವತ್ತು ವರ್ಷದ ಗಂಡಸು ನಾನು, ಒಂದು ವಾರ ನನ್ನ ಕೋಣೆಯಲ್ಲೇ ಅಡಗಿ ಕೂತೆ. ಹಾಲು ತರಲು ಹೋದರೂ ಪರಿಚಯದವರು ಕಾಣಬಾರದೆಂದು ಟೋಪಿ ಹಾಕಿಕೊಂಡು ಹೋಗುತ್ತಿದ್ದೆ. ಹೊತ್ತು ಹೋಗುತ್ತಿರಲಿಲ್ಲ. ಅವನು ಈಗ ಎಲ್ಲಿರಬಹುದು, ಯಾವ ಏರಿನಲ್ಲಿ ಏದುಸಿರು ಬಿಡುತ್ತಿರಬಹುದು ಎಂದು ಬೇಡವೆಂದರೂ ಲೆಕ್ಕ ಹಾಕುತ್ತಿದ್ದೆ. ಒಂಟಿತನ ನನಗೆ ಹೊಸದಲ್ಲ. ಆದರೆ ನಾನೇ ಕೈಯಾರೆ ಮಾಡಿಕೊಂಡ ಒಂಟಿತನ ಅದೇ ಮೊದಲು, ಅದನ್ನು ಹೇಳಿಕೊಳ್ಳಲಿಕ್ಕೂ ಮುಖವಿರಲಿಲ್ಲ.

ಬುಧವಾರ ಮಧ್ಯಾಹ್ನ ತಡೆಯಲಾಗದೆ ನನ್ನ ಸೈಕಲ್ಲನ್ನು ಟ್ರೈನರ್‌ಗೆ ಕೂರಿಸಿದೆ. ಮನೆಯೊಳಗೇ ತುಳಿಯಲು ಮಾಡಿದ ಸ್ಟ್ಯಾಂಡು ಅದು. ಹಿಂದಿನ ಚಕ್ರ ಬಿಚ್ಚಿ ಸೈಕಲ್ಲನ್ನು ಅದಕ್ಕೆ ಸಿಕ್ಕಿಸಿದರೆ, ಎದುರಿನ ಪರದೆಯಲ್ಲಿ ರಸ್ತೆ ಓಡುತ್ತದೆ, ಪರದೆಯಲ್ಲಿ ಏರು ಬಂದರೆ ಪೆಡಲು ಬಿಗಿಯಾಗುತ್ತದೆ. ಅವನು ಆ ದಿನ ಹೋಗಬೇಕಾಗಿದ್ದ ಘಟ್ಟದ ವಿಡಿಯೋವನ್ನೇ ಹಾಕಿಕೊಂಡೆ. ಫ್ಯಾನ್ ಹಚ್ಚಿ, ಹ್ಯಾಂಡಲ್ ಮೇಲೆ ಟವೆಲ್ ಹಾಸಿ ತುಳಿಯತೊಡಗಿದೆ. ಕಿಟಕಿಯಾಚೆ ಎಂದಿನಂತೆ ಎರಡು ನಿಮಿಷಕ್ಕೊಂದು ವಿಮಾನ ಇಳಿಯುತ್ತಿತ್ತು.

ಏರು ಮುಗಿಯಲು ಒಂದು ಗಂಟೆಯ ಮೇಲೆ ಹಿಡಿಯಿತು. ಘಟ್ಟದ ತುದಿ ದಾಟಿ ಇಳಿಜಾರು ಶುರುವಾದ ಮೇಲೆ ನನಗೆ ಒಂದು ರೀತಿ ಆಯಿತು. ಎದುರಿಗೆ ರಘುರಾಮನ ಬೆನ್ನಿಲ್ಲದೆ ರಸ್ತೆ ಪೂರ್ತಿ ತೆರೆದು ಕಾಣುತ್ತಿತ್ತಲ್ಲ, ಅದರಿಂದ ಹಾಗಾಗುತ್ತಿದೆ ಎಂದುಕೊಂಡೆ. ಆಗ ಹಿಂದಿನಿಂದ ಟಿಕ್ ಟಿಕ್ ಎಂಬ ಸದ್ದು ಕೇಳಿತು. ಇಳಿಜಾರಿನಲ್ಲಿ ತುಳಿಯುವುದು ನಿಲ್ಲಿಸಿದಾಗ ಅವನ ಹಿಂದಿನ ಚಕ್ರ ಮಾಡುವ ಸದ್ದು. ಟ್ರೈನರ್ ಕೂಡ ತುಳಿಯುವುದು ನಿಲ್ಲಿಸಿದರೆ ಸದ್ದು ಮಾಡುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ನಾನು ತುಳಿಯುತ್ತಲೇ ಇದ್ದೆ. ತಿರುಗಿ ನೋಡಲಿಲ್ಲ. ನನ್ನ ಬೆನ್ನ ಹಿಂದೆ ಇದ್ದದ್ದು ಗೋಡೆ, ಅದಕ್ಕೆ ತಗುಲಿಹಾಕಿದ ರೈನ್‌ಕೋಟು, ಅಷ್ಟು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅವನು ಹಿಂದೆ ಬರುತ್ತಿದ್ದಾನೆ ಎಂಬುದರಲ್ಲಿ ಆ ಗಳಿಗೆ ನನಗೆ ಸಂಶಯವೇ ಇರಲಿಲ್ಲ.

ಪರದೆಯಲ್ಲಿ ಎಡಕ್ಕೊಂದು ತಿರುವು ಬಂತು. ಬಲಗಡೆ ಕಣಿವೆ, ಬಾದಾಮಿ ಮರಗಳ ತಲೆ. ರಸ್ತೆ ನುಣ್ಣಗಿತ್ತು. ನನ್ನ ಬಲಗೈ ಹ್ಯಾಂಡಲ್ ಬಿಟ್ಟು ಕೆಳಗಿಳಿದು ಬಲಕ್ಕೆ ತೋರಿಸಿತು. "ಹೊಂಡ!" ಎಂದು ನಾನು ಕೂಗಿದೆ. ಎರಡನೆಯ ಸಲ ಇನ್ನೂ ಜೋರಾಗಿ ಕೂಗಿದೆ. ಕೂಗಬೇಕೆಂದು ನಾನು ನೆನೆಸಿರಲಿಲ್ಲ. ಬಾಯಿಂದ ಬಂದ ಮೇಲೆ ನನಗೇ ಗಾಬರಿಯಾಯಿತು. ಪಕ್ಕದ ಕೋಣೆಯ ಪೋಲೆಂಡಿನವನು ಬಾಗಿಲು ಬಡಿದು, ಯಾರನ್ನು ಕರೆಯುತ್ತಿದ್ದೀರಿ, ಎಲ್ಲ ಸರಿಯಿದೆ ತಾನೆ ಎಂದು ಕೇಳಿದ. ಸರಿಯಿದೆ ಎಂದು ಹೇಳಿ ಫೋನ್ ನೋಡಿದೆ. ಮೂರು ಗಂಟೆ ಹನ್ನೊಂದು ನಿಮಿಷ. ಹಿಂದಿನ ಸದ್ದು ನಿಂತಿತ್ತು. ಮೈಯ ಬೆವರೆಲ್ಲ ತಣ್ಣಗಾಗಿ, ಸೈಕಲ್ಲಿನಿಂದ ಇಳಿದು ಮಂಚದ ಮೇಲೆ ಕೂತೆ.

ಮುಂದಿನ ಭಾನುವಾರ ಬೆಳಿಗ್ಗೆ ರಘುರಾಮ ಒಂದು ಚೀಲ ಬಾದಾಮಿ ಹಿಡಿದುಕೊಂಡು ನನ್ನ ಕೋಣೆಗೆ ಬಂದ. ಬಿಸಿಲಿಗೆ ಕಪ್ಪಗಾಗಿದ್ದ. ಬಹಳ ದಿನಗಳ ಮೇಲೆ ಅವನ ಮುಖದಲ್ಲಿ ಒಂದು ನೆಮ್ಮದಿ ಇತ್ತು. ಚಹಾ ಮುಗಿಯುವವರೆಗೂ ಏನೇನೋ ಹೇಳಿ, ಕೊನೆಗೆ ಬುಧವಾರದ ಮಾತು ತೆಗೆದ. ಘಟ್ಟ ದಾಟಿ ನಾನು ಗೆರೆ ಎಳೆದ ಸಣ್ಣ ರಸ್ತೆಯಲ್ಲಿ ಇಳಿಯುತ್ತಿದ್ದನಂತೆ. ಯಾರೂ ಇಲ್ಲದ ರಸ್ತೆ, ಅಣ್ಣನ ನೆನಪಾಗಿ ಕಣ್ಣು ಮಂಜಾಗಿತ್ತು, ಬ್ರೇಕಿನ ಮೇಲೆ ಬೆರಳೂ ಇರಲಿಲ್ಲ. ಎಡ ತಿರುವಿನ ಹತ್ತಿರ ಯಾರೋ ಹೊಂಡ ಎಂದು ಕೂಗಿದರು. ಎರಡು ಸಲ.

"ಮುಂದಿಂದ ಕೇಳ್ತು ಮಾರಾಯ. ಹಿಂದಿಂದ ಅಲ್ಲ," ಎಂದ. "ಹತ್ತು ಮಾರು ಮುಂದೆ ಅಣ್ಣನೇ ಹೋಗ್ತಾ ಇದ್ದ ಹಾಗೆ."

ಬ್ರೇಕ್ ಹಿಡಿದು, ಚಕ್ರ ಜಾರಿ, ಕಾಲು ಊರಿ ನಿಂತ. ತಿರುವಿನ ಆಚೆ ಹೋಗಿ ನೋಡಿದರೆ ರಸ್ತೆಯ ಬಲ ಅರ್ಧ ಇರಲೇ ಇಲ್ಲ. ಮಳೆಗೆ ಕುಸಿದು ಕೆಳಗಿನ ಬಾದಾಮಿ ಗದ್ದೆಗೆ ಬಿದ್ದಿತ್ತು. ಯಾರೋ ರೈತರು ಕೊಂಬೆ ಅಡ್ಡ ಇಟ್ಟಿದ್ದರು, ಆದರೆ ಕೆಳಗಿನಿಂದ ಬರುವವರಿಗೆ ಮಾತ್ರ ಕಾಣುವಂತೆ. ಅವನು ಫೋನ್ ತೆಗೆದು ಆ ದಿನದ ದಾಖಲೆ ತೋರಿಸಿದ. ನನ್ನ ಗೆರೆಯ ಮೇಲೆಯೇ ಅವನ ಗೆರೆ, ಆ ತಿರುವಿನಲ್ಲಿ ಒಂದು ಚುಕ್ಕೆ, ನಿಂತ ಹೊತ್ತು ನಾಲ್ಕು ಗಂಟೆ ಹನ್ನೊಂದು ನಿಮಿಷ. ಸ್ಪೇನ್ ನಮಗಿಂತ ಒಂದು ಗಂಟೆ ಮುಂದೆ.

ನಾನು ಬಾಯಿ ತೆರೆದೆ. ಹೇಳಿಬಿಡುತ್ತಿದ್ದೆ. ಹೇಳಬೇಕಾದರೆ ಬುಧವಾರ ಮಧ್ಯಾಹ್ನ ನಾನು ಕೋಣೆಯಲ್ಲಿದ್ದೆ, ರಜೆಯ ಮಾತು ಸುಳ್ಳು ಎಂಬುದನ್ನೂ ಹೇಳಬೇಕಾಗಿತ್ತು. ನಾನು ಸಿಟ್ಟಿನಲ್ಲಿ ಬರದೆ ಉಳಿದೆ, ನಾನು ಸರಿಯಾಗಿ ನೋಡದೆ ಎಳೆದ ದಾರಿಯಲ್ಲಿ ನೀನು ಸಾಯುವುದರಲ್ಲಿದ್ದೆ ಎಂದು ಹೇಳಬೇಕಾಗಿತ್ತು. ಅಷ್ಟರಲ್ಲಿ ಅವನೇ ಮಾತಾಡಿದ.

"ಅಣ್ಣಂಗೆ ನನ್ನ ಮೇಲೆ ಬೇಜಾರಿಲ್ಲ. ಅಷ್ಟು ಗೊತ್ತಾಯ್ತಲ್ಲ, ಸಾಕು ನಂಗೆ." ಹೇಳುತ್ತ ಹೇಳುತ್ತ ಅವನು ಅತ್ತುಬಿಟ್ಟ. ಅಣ್ಣ ಸತ್ತಾಗಲೂ ಅವನು ನನ್ನೆದುರು ಅತ್ತಿರಲಿಲ್ಲ. ನಾನು ಅವನ ಬೆನ್ನು ಸವರಿದೆ, ಬಾಯಿ ಮುಚ್ಚಿಕೊಂಡೆ.

ಆಮೇಲೆ ನನಗೆ ನಾನೇ ಬಹಳ ವಾದ ಮಾಡಿದ್ದೇನೆ. ಆ ಕಡೆ ಜೋರು ಮಳೆಯಾಗಿದೆ ಎಂದು ಹವಾಮಾನ ವರದಿಯಲ್ಲಿ ನೋಡಿದ್ದೆ, ಒಳಗೊಳಗೇ ಹೆದರಿಕೆ ಇದ್ದಿರಬಹುದು. ಅವನ ವೇಗವೂ ನನಗೆ ಗೊತ್ತು, ಹೊತ್ತು ಹೊಂದಿಕೆಯಾದದ್ದು ಅಷ್ಟೊಂದು ಆಶ್ಚರ್ಯವಲ್ಲ ಎಂದೂ ಹೇಳಿಕೊಂಡಿದ್ದೇನೆ. ಅವನ ಕಿವಿಗೆ ಬಿದ್ದದ್ದು ಅವನದೇ ಮನಸ್ಸಿನ ಮಾತು, ನಾನು ಕೂಗಿದ್ದು ನನ್ನ ಮನಸ್ಸಿನ ಮಾತು ಎನ್ನಬಹುದು. ಆದರೆ ಎರಡೂ ಒಂದೇ ತಿರುವಿನಲ್ಲಿ, ಒಂದೇ ನಿಮಿಷದಲ್ಲಿ, ಎರಡೆರಡು ಸಲ ಹೇಗೆ ಎಂಬಲ್ಲಿಗೆ ಬಂದು ನನ್ನ ವಾದ ನಿಂತುಹೋಗುತ್ತದೆ. ವಿಡಿಯೋವನ್ನು ಹತ್ತಾರು ಸಲ ಹಾಕಿ ನೋಡಿದ್ದೇನೆ. ಆ ತಿರುವಿನಲ್ಲಿ ಒಂದು ಕಲ್ಲು ಕೂಡ ಇಲ್ಲ.

ರಘುರಾಮ ಎಡಿನ್‌ಬರ್ಗ್‌ಗೆ ಹೋದ. ಹೋಟೆಲ್ ಚೆನ್ನಾಗಿ ನಡೆಯುತ್ತಿದೆ. ನನ್ನ ಸೋಮವಾರಗಳು ಖಾಲಿಯಾದವು, ಹೊಸ ಜತೆ ಹುಡುಕಿಕೊಳ್ಳುವ ಉತ್ಸಾಹ ಬರಲಿಲ್ಲ. ಮೊದಮೊದಲು ವಾರಕ್ಕೊಮ್ಮೆ ಬರುತ್ತಿದ್ದ ಅವನ ಫೋನು ಈಗ ಎರಡು ಮೂರು ತಿಂಗಳಿಗೊಮ್ಮೆ ಬರುತ್ತದೆ. ಕಳೆದ ತಿಂಗಳು ಮಾತಾಡುವಾಗ ಅವನು ಇದ್ದಕ್ಕಿದ್ದಂತೆ ಆ ವಿಷಯ ಎತ್ತಿದ. ಈಚೆಗೆ ಮಲಗಿದಾಗ ಆ ಕೂಗು ನೆನಪಾಗುತ್ತದಂತೆ.

"ಅಣ್ಣ ಹಾಗೇ ಕೂಗ್ತಿದ್ದದ್ದು ಹೌದು. ಆದ್ರೆ ಯೋಚನೆ ಮಾಡಿದ್ರೆ, ಸ್ವರ ಸ್ವಲ್ಪ ನಿನ್ನ ಹಾಗೂ ಇತ್ತು ಮಾರಾಯ," ಎಂದ. ಆಮೇಲೆ ಮೆಲ್ಲಗೆ ಕೇಳಿದ, "ನೀ ಆ ಹೊತ್ತಿಗೆ ಎಲ್ಲಿದ್ದೆ?"

ಅವನಿಗೆ ನಿಜ ಹೇಳಲು ಇಷ್ಟು ವರ್ಷಗಳಲ್ಲಿ ಅಷ್ಟು ಸುಲಭದ ಅವಕಾಶ ಇನ್ನೊಂದು ಬಂದಿರಲಿಲ್ಲ. ಹೇಳಿದರೆ ನನಗೆ ನನ್ನ ಗೆಳೆಯ ಸ್ವಲ್ಪ ಹತ್ತಿರ ಬರುತ್ತಿದ್ದನೇನೋ. ಅವನಿಗೆ ಅವನ ಅಣ್ಣ ಇನ್ನೊಂದು ಸಲ ದೂರವಾಗುತ್ತಿದ್ದ.

"ಡ್ಯೂಟಿಲಿದ್ದೆ ಕಣೋ," ಎಂದೆ.

ಆ ಕಡೆ ಅವನು ಉಸಿರು ಬಿಟ್ಟದ್ದು ಕೇಳಿತು. "ಹಾಗಾದ್ರೆ ಅಣ್ಣನೇ," ಎಂದ.

ನಾನು ಹೂಂ ಎಂದೆ. ಅಣ್ಣನೇ ಇದ್ದರೂ ಇರಬಹುದು. ಅವನಿಗೆ ಕೂಗಲು ಹೇಸ್‌ನ ಕೋಣೆಯಲ್ಲಿ ಮುನಿಸಿಕೊಂಡು ಕೂತವನ ಗಂಟಲೇ ಯಾಕೆ ಬೇಕಾಯಿತು ಎಂಬುದು ನನಗೆ ಈವರೆಗೂ ತಿಳಿದಿಲ್ಲ.